ದೇವರೊಡನೆ ಮಾತು ಬಿಟ್ಟ ದರ್ಜಿ

ದರ್ಜಿಯಣ್ಣನ ಕೈ ಕೆಟ್ಟಿದೆ ಎಂದು ಬೀದಿಯವರೆಲ್ಲ ಮಾತಾಡಿಕೊಳ್ಳತೊಡಗಿದ್ದರು. ಪ್ಯಾಂಟು ಹೊಲಿಸಿದರೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಅಂಗಿ ಹೊಲಿಸಿದರೆ ಮನೆ ಸೇರುವಷ್ಟರಲ್ಲಿ ಗುಂಡಿ ಕೈಗೆ ಬರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಪಾಪ, ಮನಸ್ಸು ನೆಟ್ಟಗಿಲ್ಲ ಎಂದು ಕೆಲವರು ಸುಮ್ಮನಿದ್ದರು. ಉಳಿದವರು ಪಕ್ಕದ ಬೀದಿಯ ಅಂಗಡಿಯ ದಾರಿ ಹಿಡಿದಿದ್ದರು.

ಆರೋಗ್ಯ ಕೇಂದ್ರದ ನರ್ಸಮ್ಮ ಮಾತ್ರ ಅದೇ ಬಿಳಿ ಕೋಟು ಹಿಡಿದು ಮತ್ತೆ ಬಂದಳು.

“ಅಣ್ಣಾ, ತೋಳು ಮತ್ತೆ ಬಿಚ್ಚಿಕೊಂಡಿದೆ ನೋಡಿ.”

“ಹೌದಾ? ಕೂತ್ಕೊಳ್ಳಿ ಸಿಸ್ಟರ್, ಈಗ್ಲೇ ಹೊಲಿದುಕೊಡ್ತೀನಿ!”

ಅವನ ಮುಖ ಅರಳಿತು. ಸ್ಟೂಲು ಒರೆಸಿದ. ಫ್ಯಾನು ಹಾಕಿದ, ಆರಿಸಿದ, ಮತ್ತೆ ಹಾಕಿದ. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ.

“ನಿಜ ಹೇಳಿ ಅಣ್ಣಾ. ಹೊಲಿಗೆ ಕೊನೇಲಿ ಬಿಗಿ ಮಾಡೇ ಇಲ್ಲ. ಬೇಕಂತಲೇ ತಾನೆ?”

ದರ್ಜಿಯಣ್ಣ ತಲೆ ತಗ್ಗಿಸಿದ. “ಗಟ್ಟಿಯಾಗಿ ಹೊಲಿದ್ರೆ ಯಾರೂ ವಾಪಸ್ ಬರಲ್ಲ ಸಿಸ್ಟರ್. ಬಂದ್ರೆ ನಾಲ್ಕು ಮಾತಾಡ್ತಾರೆ. ಬೈದ್ರೂ ಸರಿ. ಮನೇಲಿ ಬೈಯೋಕೂ ಯಾರಿಲ್ಲ.”

“ಹೀಗೇ ಮಾಡಿದ್ರೆ ಅಂಗಡೀನೂ ಬಿಕೋ ಅನ್ನುತ್ತೆ. ಸಂಜೆ ನನ್ನ ಜೊತೆ ಪ್ರಾರ್ಥನೆಗೆ ಬನ್ನಿ.”

“ದೇವರ ಹತ್ರ ಮಾತು ಬಿಟ್ಟಿದ್ದೀನಿ. ಅವಳನ್ನ ಉಳಿಸಿಕೊಡು ಅಂತ ಎಷ್ಟು ಬೇಡಿಕೊಂಡೆ! ಕಿವಿಗೇ ಹಾಕಿಕೊಳ್ಳಲಿಲ್ಲ.”

“ಆ ಜಗಳಾನ ಅಲ್ಲೇ ಬಂದು ಆಡಿ. ಅಂಥ ಜಗಳದವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿದ್ದೆ ಬರುತ್ತಾ?”

“ಎಲ್ಲಿಂದ ಬರುತ್ತೆ?”

“ಹಾಗಾದ್ರೆ ನಾಳೆ ಡಾಕ್ಟರ ಹತ್ರಾನೂ ಹೋಗೋಣ. ಪ್ರಾರ್ಥನೆ ಮಾಡಿದ್ರೆ ಡಾಕ್ಟರು ಬೇಡ ಅಂತ ಯಾರು ಹೇಳಿದ್ರು?”

ಸಂಜೆ ಒಲ್ಲದ ಮನಸ್ಸಿನಿಂದಲೇ ನರ್ಸಮ್ಮನ ಜೊತೆ ಪ್ರಾರ್ಥನೆಗೆ ಹೋದ. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ಇವನಿಗೆ ಮುಳ್ಳಿನ ಮೇಲೆ ಕೂತಂತಿತ್ತು. ಥಟ್ಟನೆ ಎದ್ದ. ಪಕ್ಕದಲ್ಲಿದ್ದ ಬೇಕರಿ ಅಜ್ಜಿ ಕೈ ಹಿಡಿದಳು.

“ಎಲ್ಲಿಗಪ್ಪಾ, ಮನೆಗಾ?”

“ಮನೆಗೆ ಹೋಗೋಕೆ ಭಯ ಅಜ್ಜಿ!”

ಮಾತು ಜೋರಾಗಿಯೇ ಬಂದುಬಿಟ್ಟಿತು. ಎಲ್ಲರೂ ಕಣ್ಣು ಬಿಟ್ಟರು. ಅವನಿಗೆ ನಾಚಿಕೆಯಾಯಿತು. ಆದರೆ ಯಾರೂ ನಗಲಿಲ್ಲ.

“ನಮ್ಮನೆಯವರು ಹೋದಾಗ ನನಗೂ ಹಾಗೇ ಆಗ್ತಿತ್ತು,” ಎಂದಳು ಅಜ್ಜಿ. “ಕೂರೋಕೆ ಆಗ್ದಿದ್ರೆ ನಿಂತೇ ಇರು. ನಾನೂ ನಿಲ್ತೀನಿ.”

ಮಂಡಿನೋವಿನ ಅಜ್ಜಿ ಅವನ ತೋಳು ಹಿಡಿದುಕೊಂಡೇ ಎದ್ದಳು. ನರ್ಸಮ್ಮ ಎದ್ದಳು. ಹಿಂದಿನ ಸಾಲಿನ ಕ್ಷೌರಿಕನೂ ಎದ್ದ. ಅಂದಿನ ಪ್ರಾರ್ಥನೆ ಹಾಗೇ ನಿಂತುಕೊಂಡೇ ಮುಗಿಯಿತು. ಆಮೇಲೆ ಮೂವರೂ ಅವನ ಜೊತೆ ಮನೆಯವರೆಗೆ ನಡೆದರು, ಒಳಗೆ ಬಂದು ಕೂತರು, ಚಹಾ ಕುಡಿದು ಅದರಲ್ಲಿ ಸಕ್ಕರೆ ಸಾಲದೆಂದು ಬೈದರು.

ಅವರನ್ನು ಕಳಿಸಿ ಬಾಗಿಲು ಹಾಕುವಾಗ ದರ್ಜಿಯಣ್ಣ ಮೇಲೆ ನೋಡಿದ. “ನಿನ್ನ ಮೇಲೆ ಸಿಟ್ಟು ಹೋಗಿಲ್ಲ,” ಎಂದ. “ಆದ್ರೆ ಇವರನ್ನಾದ್ರೂ ನನಗೆ ಬಿಡು.”

ಓದುಗರೇ, ನಿಮ್ಮ ಬೀದಿಯಲ್ಲೂ ಸುಮ್ಮಸುಮ್ಮನೆ ಮಾತಿಗೆಳೆಯುವವರು ಒಬ್ಬರಿರುತ್ತಾರೆ. ತಲೆ ತಿನ್ನುತ್ತಾರೆಂದು ಜಾರಿಕೊಳ್ಳಬೇಡಿ, ಒಂದು ಗಳಿಗೆ ಕೂತು ಕೇಳಿ. ಒಂಟಿತನ ನಿಮ್ಮದೇ ಆಗಿದ್ದರೆ, ನಿಮ್ಮ ನಂಬಿಕೆಯ ಜಾಗ ಯಾವುದೋ ಅಲ್ಲಿಗೆ ಹೋಗಿ, ಜನರ ನಡುವೆ ಇರಿ. ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ ಆರೋಗ್ಯ ಕೇಂದ್ರಕ್ಕೂ ಹೋಗಿ. ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿ. ನಾಳೆಗೆ ಇಡಬೇಡಿ, ಇವತ್ತೇ ಹೇಳಿ.