ಗುಡ್ಡನಿಗೆ ಹಾವು ಕಚ್ಚಿದ ದಿನ

ಗಂಗೊಳ್ಳಿ ಬಂದರಿನಲ್ಲಿ ಬಲೆ ಬಿಡಿಸುವಾಗ ಮೀನಿನ ನಡುವೆ ಕಡಲ ಹಾವು ಕಂಡರೆ ಬೋಟಿನ ಹೊಸಬರು ಹಿಂದೆ ಸರಿಯುತ್ತಿದ್ದರು. ಗುಡ್ಡ ಮಾತ್ರ ಅದರ ಬಾಲ ಹಿಡಿದು, ಹರಿದ ಹಗ್ಗದ ತುಂಡನ್ನು ಎಸೆದ ಹಾಗೆ ನೀರಿಗೆ ಎಸೆದುಬಿಡುತ್ತಿದ್ದ. ಆ ಕೈಚಳಕ ಕಂಡೇ ಕೌಶಲ್ ಅವನನ್ನು ಹುಡುಕಿಕೊಂಡು ಬಂದದ್ದು.

ಕೌಶಲ್ ಬ್ರಹ್ಮಾವರದ ಕಡೆಯ ದೊಡ್ಡ ಮನೆತನದ ಹುಡುಗ. ಮಾವಂದಿರೆಲ್ಲ ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದರೆ ಇವನು ಕಡಲ ಜೀವಿಗಳ ಬಗ್ಗೆ ಓದಿ, ಹಾವುಗಳ ಮೇಲೆ ಸಂಶೋಧನೆ ಹಿಡಿದಿದ್ದ. ಬಂದರಿನ ಪಕ್ಕದಲ್ಲೇ ಒಂದು ಕೋಣೆ ಬಾಡಿಗೆಗೆ ತೆಗೆದುಕೊಂಡು, ತೊಟ್ಟಿ, ತಕ್ಕಡಿ, ಕ್ಯಾಮೆರಾ ಎಲ್ಲ ಇಟ್ಟುಕೊಂಡಿದ್ದ.

"ಗುಡ್ಡಣ್ಣ, ಹಾವ್ ಎಸಿಬೇಡಿ ಮರಾಯ್ರೆ. ಜೀವಂತ ನಂಗ್ ತಂದ್ಕೊಡಿ," ಎಂದ.

"ಎಂತಕ್ ಸಾರೇ, ಸಾರ್ ಮಾಡೂಕಾ?" ಎಂದು ಗುಡ್ಡ ನಕ್ಕ.

ಆದರೂ ತಂದುಕೊಡತೊಡಗಿದ. ಅಷ್ಟು ಓದಿದವನು ಬಾಯಿ ತುಂಬ ಅಣ್ಣ ಎಂದು ಕರೆಯುವುದು ಅವನಿಗೆ ಹಿತವಾಗಿತ್ತು. ಜೊತೆಗೆ ಮಗಳು ಚಂದನಾ ಕುಂದಾಪುರದಲ್ಲಿ ಬಿ.ಎಸ್ಸಿ. ಮುಗಿಸುವುದರಲ್ಲಿದ್ದಳು. "ಅವ್ಳ್ ಮುಂದಿನ್ ಓದ್ ನಾನ್ ಕಂಡ್ಕಂತೆ," ಎಂದು ಕೌಶಲ್ ಹೇಳಿದ ದಿನ, ಸೀಟು ಕೈಗೇ ಬಂದಂತೆ ಗುಡ್ಡ ಹೆಂಡತಿ ವನಜಳ ಮುಂದೆ ಹೇಳಿಕೊಂಡಿದ್ದ.

ಆ ದಿನ ವನಜ ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಬಂಗುಡೆ ಮಾರುತ್ತ ಕುಳಿತಿದ್ದಳು. ಮಧ್ಯಾಹ್ನ ಕಳೆದು ಬುಟ್ಟಿ ಖಾಲಿಯಾಗುವ ಹೊತ್ತಿಗೆ ಕೌಶಲನ ಫೋನು ಬಂತು. ಅವಳು ಆಸ್ಪತ್ರೆಗೆ ಓಡಿ ಮುಟ್ಟಿದಾಗ ಗುಡ್ಡನ ಬಾಯಿಗೆ ಕೊಳವೆ ಹಾಕಿ, ಯಂತ್ರದಿಂದ ಉಸಿರಾಡಿಸುತ್ತಿದ್ದರು. ಕರೆದರೆ ಕಣ್ಣು ಬಿಡಲಿಲ್ಲ.

"ಬೆಳಗ್ಗೆಯೇ ತರಬೇಕಿತ್ತಲ್ಲಮ್ಮಾ," ಎಂದರು ಡಾಕ್ಟರು. "ವಿಷ ಮೈಯ ಸ್ನಾಯುಗಳನ್ನೆಲ್ಲ ತಿಂದಿದೆ. ಕಿಡ್ನಿ ನಿಂತಿದೆ."

ಕೌಶಲ್ ಅವಳನ್ನು ಬದಿಗೆ ಕರೆದುಕೊಂಡು ಹೋಗಿ ಹೇಳಿದ. ಹಾವು ಕಚ್ಚಿದ್ದು ಸಮುದ್ರದಲ್ಲೇ. ಗುಡ್ಡಣ್ಣ ಯಾರಿಗೂ ಹೇಳಿರಲಿಲ್ಲ. ದಡಕ್ಕೆ ಬಂದವನೇ ಕುಸಿದುಬಿದ್ದ, ಮತ್ತೆ ಮಾತೇ ಇಲ್ಲ. ತಾನು ಅಲ್ಲಿಂದಲೇ ಕಾರಿಗೆ ಹಾಕಿಕೊಂಡು ಬಂದೆ ಎಂದ. ಹೇಳುವಾಗ ಅವನು ಅಳುತ್ತಿದ್ದ. ಮಾರನೆಯ ದಿನ ಗುಡ್ಡ ತೀರಿಕೊಂಡ. ಕೌಶಲ್ ಚಟ್ಟಕ್ಕೆ ಹೆಗಲು ಕೊಟ್ಟ. ಅಷ್ಟು ದೊಡ್ಡ ಮನೆಯ ಹುಡುಗ ಎಂದು ಕೇರಿಯವರು ಮೆಚ್ಚಿ ಮಾತಾಡಿಕೊಂಡರು.

ವನಜಳಿಗೆ ಸಿಟ್ಟು ಬಂದದ್ದು ಗಂಡನ ಮೇಲೆ. ಒಲೆಯ ಮುಂದೆ ಕೂತಾಗ, ಬಟ್ಟೆ ಒಗೆಯುವಾಗ, ದೀಪ ಹಚ್ಚುವಾಗ ಬೈದಳು. "ಒಂದ್ ಮಾತ್ ಹೇಳೂಕ್ ಎಂತ ಆಯಿತ್ ನಿಮ್ಗೆ? ನಾಲ್ಗಿ ಇರ್ಲಿಲ್ಯಾ?" ಗೋಡೆಯ ಮೇಲಿನ ಪಟಕ್ಕೂ ಬೈದಳು. ಹೇಳದೆ ಹೋದ ಗಂಡನನ್ನು ಕ್ಷಮಿಸಲು ಅವಳಿಂದ ಆಗಲೇ ಇಲ್ಲ.

ಕೌಶಲ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಚಂದನಾ ಅವನು ಸಂಶೋಧನೆ ಮಾಡುತ್ತಿದ್ದ ವಿಭಾಗದಲ್ಲೇ ಎಂ.ಎಸ್ಸಿ.ಗೆ ಸೇರಿ, ಮನೆಯಿಂದಲೇ ಓಡಾಡತೊಡಗಿದಳು.

ಮರುವರ್ಷ ಕುಂದಾಪುರದ ಕಾಲೇಜೊಂದರಲ್ಲಿ ದೊಡ್ಡ ವಿಚಾರಸಂಕಿರಣ ನಡೆಯಿತು. ಮೀನು ತಜ್ಞರು, ಡಾಕ್ಟರುಗಳು, ಆರೋಗ್ಯ ಇಲಾಖೆಯವರು ಎಲ್ಲ ಬರುತ್ತಾರೆ, ಗುಡ್ಡಣ್ಣನ ಹೆಸರಿನಲ್ಲಿ ವನಜಕ್ಕನಿಗೆ ಸನ್ಮಾನವಿದೆ ಎಂದು ಕೌಶಲ್ ತಾನೇ ಮನೆಗೆ ಬಂದು ಕರೆದ. ಚಂದನಾ ಮಾತ್ರ, "ನೀ ಬಪ್ಪುದ್ ಬೇಡ ಅಮ್ಮ. ಎಲ್ಲ ಇಂಗ್ಲಿಷಂಗೆ ಮಾತಾಡ್ತ್ರ್. ನಿಂಗ್ ಎಂತ ಅರ್ಥ ಆತ್ತ್?" ಎಂದಳು. ಆದರೂ ವನಜ ಮದುವೆಮನೆಗೆ ಉಡುವ ಸೀರೆ ಉಟ್ಟು ಹೊರಟಳು.

ಮುಂದಿನ ಸಾಲಿನಲ್ಲಿ ಕೂರಿಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಚಪ್ಪಾಳೆ ತಟ್ಟಿದರು. ಆಮೇಲೆ ದೀಪ ಆರಿಸಿ ಕೌಶಲ್ ತನ್ನ ಮಾತು ಶುರುಮಾಡಿದ. ಪರದೆಯ ಮೇಲೆ ಹಾವುಗಳು ಬಂದವು, ಗೆರೆಗಳು ಬಂದವು, ಅಂಕಿಗಳು ಬಂದವು. ನಂತರ ಗುಡ್ಡ ಬಂದ.

ಬಂದರಿನ ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ. ಕಿಟಕಿಯಿಂದ ಬೆಳಗಿನ ಎಳೆ ಬಿಸಿಲು ಬೀಳುತ್ತಿತ್ತು. ಬಲಗೈಯ ಬೆರಳನ್ನು ಕ್ಯಾಮೆರಾದ ಕಡೆ ಹಿಡಿದು ನಗುತ್ತಿದ್ದ. "ನೀವ್ ಅಳ್ತಿ ಮಾಡೂಕ್ ಹಿಡ್ಕಣಿ ಅಂದ್ರಿ, ಅದ್ ಕಚ್ಚ್ತ್. ಮುಳ್ಳ್ ಚುಚ್ಚ್ದಂಗ್ ಆಯ್ತ್ ಅಷ್ಟೇ ಸಾರೇ."

ಪರದೆಯ ಅಡಿಯಲ್ಲಿ ಅವನ ಮಾತು ಇಂಗ್ಲಿಷಿನಲ್ಲಿ ಮೂಡುತ್ತ ಹೋಗುತ್ತಿತ್ತು. ಚಿತ್ರ ಬದಲಾಯಿತು. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿತ್ತು. ಗುಡ್ಡ ಕುತ್ತಿಗೆ ಹಿಡಿದುಕೊಂಡಿದ್ದ.

"ಕುತ್ಗಿ ತಿರ್ಗುದಿಲ್ಲೆ ಸಾರೇ. ಆಸ್ಪತ್ರಿಗ್ ಹೋಪನಾ?"

"ಹೋಪ ಗುಡ್ಡಣ್ಣ, ಇನ್ನೊಂಚೂರ್," ಎಂದಿತು ಕೌಶಲನ ದನಿ. "ಮೇಲ್ ಕಾಣಿ. ಹಾಂ, ಹಂಗೇ. ರೆಪ್ಪಿ ಎತ್ತಿ ಕಾಂಬ."

ಮತ್ತೊಂದು ಚಿತ್ರ. ಈಗ ಗುಡ್ಡನನ್ನು ಚಾಪೆಯ ಮೇಲೆ ಮಲಗಿಸಿದ್ದರು. ರೆಪ್ಪೆಗಳು ಅರ್ಧ ಮುಚ್ಚಿದ್ದವು. ಪಕ್ಕದ ಸ್ಟೂಲಿನ ಮೇಲೆ ಬಾಟಲಿಗಳ ಸಾಲು, ಒಂದಕ್ಕಿಂತ ಒಂದರಲ್ಲಿ ಮೂತ್ರ ಕಪ್ಪಾಗುತ್ತ ಹೋಗಿತ್ತು. ನಾಲಿಗೆ ತೊದಲುತ್ತಿತ್ತು. ಆದರೂ ವನಜಳಿಗೆ ಒಂದೊಂದು ಅಕ್ಷರವೂ ತಿಳಿಯಿತು.

"ವನಜಂಗೊಂದ್ ಫೋನ್ ಮಾಡಿ ಸಾರೇ. ಮಾರ್ಕೆಟಂಗೆ ಇದ್ಲ್ ಅವ್ಳ್."

"ಮಾಡ್ವ, ಮಾಡ್ವ. ಬಾಯಿ ಎಷ್ಟ್ ಅಗ್ಲ ತೆಗುಕ್ ಆತ್ತ್ ಕಾಣಿ."

"ವನಜಂಗ್ ಫೋನ್ ಮಾಡಿ."

ದೀಪ ಹತ್ತಿತು. ಈ ಹಾವು ಕಚ್ಚಿದ ಮನುಷ್ಯನ ಸ್ಥಿತಿಯನ್ನು ಮೊದಲ ಕ್ಷಣದಿಂದ ಯಾರೂ ಹೀಗೆ ದಾಖಲಿಸಿರಲಿಲ್ಲ ಎಂದು ಅಧ್ಯಕ್ಷರು ಕನ್ನಡದಲ್ಲೇ ಹೊಗಳಿದರು. ಕೌಶಲ್ ಕೈಮುಗಿದು, "ಗುಡ್ಡಣ್ಣನ ಕುಂದಾಪ್ರ ಕನ್ನಡವನ್ನು ಇಂಗ್ಲಿಷಿಗೆ ಮಾಡಿಕೊಟ್ಟವಳು ಅವರ ಮಗಳು ಚಂದನಾ. ಅವಳಿಗೂ ಒಂದು ಚಪ್ಪಾಳೆ," ಎಂದ. ಸಭೆ ಚಪ್ಪಾಳೆ ತಟ್ಟಿತು. ಚಂದನಾ ತಲೆ ಎತ್ತಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಎದ್ದು, ಮೂತ್ರದ ಬಣ್ಣ ಬದಲಾದದ್ದು ಮೊದಲೋ, ರೆಪ್ಪೆ ಜೋತದ್ದು ಮೊದಲೋ ಎಂದು ಕೇಳಿದರು. ಕೌಶಲ್ ಉತ್ಸಾಹದಿಂದ ಉತ್ತರಿಸಿದ.

ಆಗ ವನಜ ಎದ್ದು ನಿಂತಳು. "ಇನ್ನೊಂದ್ ಸಲ ಹಾಕಿ."

ಸಭೆಗೆ ಅರ್ಥವಾಗಲಿಲ್ಲ. ಕೌಶಲ್ ತಡವರಿಸಿದ. ಅಧ್ಯಕ್ಷರು "ಹಾಕಿ, ಹಾಕಿ, ಪಾಪ," ಎಂದರು. ಮತ್ತೆ ದೀಪ ಆರಿತು. ಮೊದಲ ಸಲ ಅವಳು ಮಾತು ಕೇಳಿದ್ದಳು. ಈ ಸಲ ದನಿ ಕೇಳಿದಳು.

ಊಟದ ಹೊತ್ತಿನಲ್ಲಿ ಅವಳು ಕೌಶಲನನ್ನು ಮೆಟ್ಟಿಲ ಬಳಿ ತಡೆದಳು. "ಬೋಟಂಗೆ ಕಚ್ಚ್ತ್ ಅಂದ್ರಿ. ಮಾತೇ ಇರ್ಲಿಲ್ಲ ಅಂದ್ರಿ."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಈ ಹಾವಿಗೆ ನಮ್ಮ್ ಬದಿಯಂಗೆ ಮದ್ದೇ ಇಲ್ಲೆ ವನಜಕ್ಕ. ಬೇಗ ಕರ್ಕಂಡ್ ಹೋದ್ರೂ ಎಂತ ಮಾಡೂಕ್ ಆತ್ತಿತ್ತ್? ಇನ್ನ್ ಮುಂದೆ ಕಚ್ಚಿಸ್ಕಂಬರಿಗೆ ಇದ್ರಿಂದ ಉಪಕಾರ ಆತ್ತ್."

"ಒಂದ್ ಫೋನ್ ಮಾಡೂಕೂ ಮದ್ದ್ ಬೇಕಿತ್ತಾ?"

ಯಾರೋ ಫೋಟೊಗೆ ಕರೆದರು. ಅವನು "ಬತ್ತೆ" ಎಂದು ಹೋದ. ಮತ್ತೆ ಬರಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಚಂದನಾ ಹಿಂದೆ ಹಿಂದೆಯೇ ನಡೆದುಬಂದಳು. ಅಲ್ಲಿ ನಿಂತ ಮೇಲೆ ತಾನೇ ಬಾಯಿ ಬಿಟ್ಟಳು. "ಸರ್ ಆ ಫೋನಿನ್ ಮಾತನ್ನ ಅಸ್ಪಷ್ಟ ಅಂದ್ ಬರ್ದಿದ್ರ್ ಅಮ್ಮ. ಅಪ್ಪಯ್ಯ ಹೇಳದ್ ಎಂತ ಅಂದ್ ನಾನೇ ಬರ್ದೆ. ನಾ ಬರಿಯದಿದ್ರೆ ಯಾರಿಗೂ ಗೊತ್ತಾತ್ತಿರ್ಲಿಲ್ಲ."

"ಯಾವಾಗ ಬರ್ದದ್?"

"ಆಸಾಡಿ ತಿಂಗ್ಳಂಗೆ."

ಈಗ ದೀಪಾವಳಿ ಕಳೆದಿತ್ತು. ವನಜ ಮಗಳ ಮುಖವನ್ನು ನೋಡಿದಳು. "ನಾ ದಿನಾ ಅವ್ರಿಗ್ ಬೈತಿದ್ದೆ. ನೀ ಅಲ್ಲೇ ಕೂಕಂಡ್ ಉಣ್ತಿದ್ದೆ."

"ಓದ್ ಅರ್ಧಕ್ಕೇ ನಿಂತ್ರೆ ಅಂದ್ ಹೆದ್ರಿಕಿ ಆಯ್ತ್ ಅಮ್ಮ."

ಗಂಗೊಳ್ಳಿಯ ಬಸ್ಸು ಬಂತು. ವನಜ ಮುಂದಿನ ಬಾಗಿಲಿನಿಂದ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಚಂದನಾ ಹತ್ತಿ ಬಂದು ಅವಳ ಸೀಟಿನ ಕಂಬಿ ಹಿಡಿದು ನಿಂತಳು. ಪಕ್ಕದ ಜಾಗ ಖಾಲಿಯಿತ್ತು. ವನಜ ಹಣ್ಣಿನ ಬುಟ್ಟಿಯನ್ನು ಅಲ್ಲಿ ಇಟ್ಟಳು.

ಕಂಡಕ್ಟರ್ ಬಂದು ಇಬ್ಬರನ್ನೂ ನೋಡಿ, "ಎರಡ್ ಗಂಗೊಳ್ಳಿಯಾ ಅಕ್ಕ?" ಎಂದ.

"ಒಂದ್," ಎಂದಳು ವನಜ.