ಅರ್ಧ ಕಥೆ ಕಟ್ಟಿಕೊಂಡು ಹೋದವಳು

ನಮ್ಮ ಮನೆಯಿಂದ ಯಾರೇ ದೂರದ ಊರಿಗೆ ಹೊರಟರೂ ಆಯಿ ಎರಡು ಬುತ್ತಿ ಕಟ್ಟುತ್ತಿದ್ದಳು. ಒಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇನ್ನೊಂದು, ಅರ್ಧ ಕಥೆ. ಉಳಿದರ್ಧ ತಿರುಗಿ ಬಂದ ಮೇಲೆ.

"ಪೂರಾ ಕೇಳ್ಕೊಂಡು ಹೋದಾಂವ ಯಾಕ ತಿರುಗಿ ಬರತಾನ?" ಎನ್ನುತ್ತಿದ್ದಳು.

ಆಯಿ ಅಂದರೆ ಗದಿಗೆಮ್ಮ, ನನ್ನ ಅಪ್ಪನ ತಾಯಿ. ಲಿಂಗಸೂಗೂರು ಕಡೆಯಿಂದ ಹೈದರಾಬಾದಿಗೆ ಬಂದು, ಮಣಿಕೊಂಡದಲ್ಲಿ ಇನ್ನೂ ಬಂಡೆಗಳೇ ಇದ್ದ ಕಾಲದಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಅಪ್ಪ ಈಗ ಗೋಡೆಗೆ ಸಿಮೆಂಟು ಬಳಿಯುವ ಗಿಲಾವ್ ಮೇಸ್ತ್ರಿ. ಅವ್ವ ದಿಲ್‌ಸುಖ್‌ನಗರದ ನಮ್ಮ ಎರಡು ಕೋಣೆಯ ಮನೆ ಮುಂದೆ ಒಲೆ ಹೂಡಿ, ಕೋಚಿಂಗಿಗೆ ಬರುವ ಹಾಸ್ಟೆಲ್ ಹುಡುಗರಿಗೆ ಸಂಜೆ ಜೋಳದ ರೊಟ್ಟಿ ಬಡಿಯುತ್ತಾಳೆ. ನಾನು ಶೈಲಾ, ಕೋಠಿಯ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದವಳು. ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತವೆಂದು ಯಾತ್ರೆಯ ಗುಂಪುಗಳ ಜೊತೆ ನನ್ನನ್ನೇ ಕಳಿಸುತ್ತಿದ್ದರು.

ಮೊದಲ ಸಲ ಕಾಶಿಗೆ ಹೊರಟಾಗ ಆಯಿಯ ಕಥೆಯಲ್ಲಿ ಬಳೆಗಾರನ ಮಗಳು ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಂಡೆಯಲ್ಲಿ ಇಟ್ಟು ನಿಂತಿದ್ದಳು. ಅಲ್ಲಿಗೇ ನಿಂತಿತು ಕಥೆ. ಹೀಗಾಗಿ ಕಾಶಿಯಲ್ಲಿ ನನಗೆ ನೆನಪಿರುವುದು ದೇವಸ್ಥಾನವಲ್ಲ, ಘಾಟಿನಲ್ಲಿ ದೋಣಿ ಹತ್ತುವವರ ಕಾಲುಗಳು. ಗೆಜ್ಜೆಯ ಕಾಲು, ಒಡೆದ ಹಿಮ್ಮಡಿ, ಒದ್ದೆ ಸಾಕ್ಸು. ಯಾರಾದರೂ ಅರೆಗಳಿಗೆ ತಡೆದು ನಿಂತರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಅರ್ಧ ಕಥೆ ಕಟ್ಟಿಕೊಂಡು ಹೋಗಿ ಜೈಸಲ್ಮೇರಿನಲ್ಲಿ ಪ್ರತಿ ಒಂಟೆಯ ಕೊರಳಲ್ಲೂ ಒಂದು ಓಲೆ ಹುಡುಕಿದೆ. ರಾಮೇಶ್ವರದಲ್ಲಿ ಬೆಳಗಿನ ಸಮುದ್ರದಿಂದ ಮಂಜು ಎದ್ದರೆ, ನೀರಿನ ತಳದಲ್ಲಿ ಒಲೆ ಹೊತ್ತಿಸಲು ಕೂತ, ಮತ್ತೊಂದು ಕಥೆಯ ಹಟಮಾರಿ ಅತ್ತೆಯ ಹೊಗೆಯೇ ಇರಬೇಕೆಂದು ನೋಡುತ್ತ ನಿಂತೆ. ಅಷ್ಟರಲ್ಲಿ ಗುಂಪಿನ ಇಬ್ಬರು ಹೆಣ್ಣುಮಕ್ಕಳು ಕಳೆದೇಹೋಗಿದ್ದರು.

ಊರು ನೋಡುವುದೆಂದರೆ ನನಗೆ ಹೀಗೆ. ಕಣ್ಣು ಅಲ್ಲಿ, ಕಿವಿ ಮನೆಯಲ್ಲಿ. ಬಂದವಳೇ ಚಪ್ಪಲಿ ಬಿಡುವ ಮೊದಲು "ಆಮ್ಯಾಲೆ?" ಎಂದು ಕೇಳುತ್ತಿದ್ದೆ. ಆಯಿ ಕೈಕಾಲು ತೊಳೆಯಲು ಕಳಿಸಿ, ಇನ್ನಷ್ಟು ಕಾಯಿಸಿ, ಮುಗಿಸುತ್ತಿದ್ದಳು.

ಹೋದ ವಸಂತದಲ್ಲಿ ಮೊದಲ ಸಲ ದೇಶ ದಾಟಿದೆ. ಎಂಟು ದಿನ ಉಜ್ಬೇಕಿಸ್ತಾನ. ಸಮರಖಂದದ ನೀಲಿ ಗುಮ್ಮಟಗಳ ಕೆಳಗೆ ನಮ್ಮ ಗುಂಪಿನವರು ಉಪ್ಪಿನಕಾಯಿ ಡಬ್ಬಿ ತೆರೆದು ಕೂತಾಗ, ಆಯಿ ಹೇಳುತ್ತಿದ್ದ ಏಳು ಬಾಗಿಲಿನ ಪಟ್ಟಣಕ್ಕೆ ನಾನು ಹಿಂಬಾಗಿಲಿನಿಂದ ಬಂದುಬಿಟ್ಟೆನೇನೋ ಅನ್ನಿಸಿತು. ಮರಳಿ ಬಂದ ತಿಂಗಳಿಗೇ ಆಫೀಸಿನವರು ಕೇಳಿದರು: ಇಲ್ಲಿಂದ ಬರುವ ಗುಂಪುಗಳನ್ನು ನೋಡಿಕೊಳ್ಳಲು ಒಂದೂವರೆ ವರ್ಷ ಅಲ್ಲೇ ಇರುತ್ತೀಯಾ? ಯೋಚಿಸುವ ಮೊದಲೇ ಹೂಂ ಅಂದಿದ್ದೆ.

ಅದೇ ಮಳೆಗಾಲದಲ್ಲಿ ಆಯಿಗೆ ಉಸಿರಾಟದ ತೊಂದರೆ ಶುರುವಾಯಿತು. ಹದಿನೈದು ದಿನ ಆಸ್ಪತ್ರೆ. ಮನೆಗೆ ಬಂದಾಗ ಅರ್ಧದಷ್ಟಾಗಿದ್ದಳು. ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಅಪ್ಪ ನಮಗೆ ಹೇಳಲಿಲ್ಲ. ಹೇಳದಿದ್ದುದರಿಂದಲೇ ತಿಳಿಯಿತು.

ಹೊರಡುವ ದಿನ ಮಧ್ಯಾಹ್ನ ಅವಳ ಮಂಚದ ಪಕ್ಕ ಕೂತೆ.

"ಆಯಿ, ಈ ಸಲ ಪೂರಾ ಕಥಿ ಹೇಳು."

"ಯಾಕ?"

"ಸುಮ್ಮನ."

"ಸುಮ್ಮನ ಅಲ್ಲ. ನೀ ಬರೂದ್ರಾಗ ಈ ಮುದುಕಿ ಇರಂಗಿಲ್ಲ ಅಂತ ನಿನ್ನ ಹೊಟ್ಯಾಗ ಐತಿ. ಅದಕ್ಕ ಎಲ್ಲಾ ಕೆರಕೊಂಡು ಹೊಂಟಿ."

ಬಾಗಿಲಲ್ಲಿ ಹಿಟ್ಟು ನಾದುತ್ತಿದ್ದ ಅವ್ವ, "ಉಸಿರು ಸಾಲಂಗಿಲ್ಲ ಅಂತಾಳ, ಬಾಯಿ ನೋಡು ಹೆಂಗ ನಡದೈತಿ," ಎಂದಳು.

"ಗಂಗಾ, ನೀ ರೊಟ್ಟಿ ಸುಡು. ನನ್ನ ಸುಡಾಕ ಇನ್ನೂ ಟೈಮ್ ಐತಿ."

ಅವ್ವ ನಗು ತಡೆಯಲು ಆ ಕಡೆ ತಿರುಗಿದಳು. ಆಯಿ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ನನ್ನ ಮುಂಗೈ ಹಿಡಿದಳು.

"ಪೂರಾ ಹೇಳಂಗಿಲ್ಲ. ಅರ್ಧ ಹೇಳಾಕ ದಮ್ಮಿಲ್ಲ. ಈ ಸಲ ನೀ ಹೇಳು, ಶೈಲವ್ವ. ನೀ ನೋಡಿ ಬಂದಿದ್ದು. ಅರ್ಧಕ್ಕ ಬಿಟ್ಟು ಹೋಗು."

"ನಾ ಯಾಕ? ಹೊಂಟಾಕಿ ನಾನು."

"ನಾನೂ ಹೊಂಟಾಕೀನೇ ಅಲ್ಲೇನ? ನನ್ನೂ ಯಾರರ ತಡದು ಹಿಡೀಬೇಕಲ್ಲ."

ಕ್ಯಾಬಿಗೆ ಇನ್ನು ಅರ್ಧ ಗಂಟೆ ಇತ್ತು. ಹೇಳಲು ಶುರು ಮಾಡಿದೆ. ಸಮರಖಂದದಲ್ಲಿ ಕೊನೆಯ ದಿನ, ಹಿಂದಿ ಕಲಿತಿದ್ದ ಅಲ್ಲಿಯ ಗೈಡ್ ಹುಡುಗಿ ನನ್ನನ್ನು ತನ್ನ ನೆರೆಮನೆಯ ಮುದುಕಿಯ ಹತ್ತಿರ ಚಹಾಕ್ಕೆ ಕರೆದೊಯ್ದಿದ್ದಳು.

"ಹೂಂ," ಎಂದಳು ಆಯಿ.

"ಅಂಗಳದಾಗ ದ್ರಾಕ್ಷಿ ಬಳ್ಳಿ. ಒಳಗ ಗ್ವಾಡಿಗೆ ಒಂದು ಮೊಳಿ ಹೊಡದಾರ. ಆ ಮೊಳಿಗೆ ಒಂದು ರೊಟ್ಟಿ ತೂಗ ಹಾಕ್ಯಾರ. ದುಂಡಗ, ದಪ್ಪಗ, ನಡುವ ಹೂವಿನ ಚಿತ್ರ ಒತ್ತಿದ್ದು. ಒಣಗಿ ಕಲ್ಲಾಗೈತಿ. ಒಂದ ಕಡೆ ಯಾರೋ ಕಚ್ಚಿದ ಗುರುತು."

"ಇಲಿ?"

"ಇಲಿ ಅಲ್ಲ ಆಯಿ, ಮನುಷ್ಯಾರ ಹಲ್ಲು. ಅಲ್ಲಿ ಪದ್ಧತಿ ಐತಂತ. ಮನಿ ಬಿಟ್ಟು ದೂರ ಹೋಗಾವ್ರು ರೊಟ್ಟಿ ಒಂದ ಸಲ ಕಚ್ಚಿ ಹೋಗ್ತಾರ. ಉಳಿದದ್ದು ಗ್ವಾಡಿಗೆ ಹಾಕಿ ಇಟ್ಟಿರ್ತಾರ. ತಿರುಗಿ ಬಂದು ಅದನ್ನ ಅವ್ರೇ ಮುಗಸಬೇಕು."

ನನ್ನ ಮುಂಗೈ ಹಿಡಿದಿದ್ದ ಆಯಿಯ ಕೈ ಬಿಗಿಯಾಯಿತು.

"ಇದು ಯಾರ ರೊಟ್ಟಿ ಅಂತ ಕೇಳಿದೆ. ಮುದುಕಿ ಚಾದ ಬಟ್ಟಲ ಕೆಳಗಿಟ್ಟಳು. ರೊಟ್ಟಿ ಕಡೆ ನೋಡಿದಳು. ನನ್ನ ಕಡೆ ನೋಡಿ..."

ಹೊರಗೆ ಕ್ಯಾಬು ಹಾರ್ನ್ ಹೊಡೆಯಿತು. ಎದ್ದುಬಿಟ್ಟೆ.

"ಏ ಬಿದ್ದಾಡಿ! ಇಲ್ಲಿಗೆ ಬಿಡತಾರೇನ? ಯಾರದು ಅಂತ ಹೇಳರ ಹೋಗ!"

"ಬಂದ ಮ್ಯಾಲೆ."

"ಹೆಸರಷ್ಟ ಹೇಳ!"

ಅವ್ವ ಹಿಟ್ಟಿನ ಕೈಯಲ್ಲೇ ನಕ್ಕಳು, ಆಮೇಲೆ ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು.

ಆಯಿಗೆ ಹೇಳದೆ ನಾನು ಒಯ್ದದ್ದು ಇಷ್ಟು: ಆ ರೊಟ್ಟಿ ಮುದುಕಿಯದೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಓದಲು ದೂರದ ಪಟ್ಟಣಕ್ಕೆ ಹೊರಟಿದ್ದಳಂತೆ. ರೊಟ್ಟಿ ಕಚ್ಚಿ, ಪೆಟ್ಟಿಗೆ ಹಿಡಿದು ಅಂಗಳದ ತನಕ ಬಂದಿದ್ದಳು. ಅದೇ ಬೆಳಿಗ್ಗೆ ತಂದೆ ಕುಸಿದು ಬಿದ್ದ. ರೈಲು ಹೋಯಿತು. ಆಮೇಲೆ ಮದುವೆ, ಮಕ್ಕಳು, ಐವತ್ತು ವರ್ಷ. "ನಾನು ಇನ್ನೂ ಹೋಗಿಯೇ ಇಲ್ಲ. ಮತ್ತೆ ಬಂದು ತಿನ್ನುವುದು ಹೇಗೆ?" ಎಂದು ಅವಳು ಹೇಳಿದ್ದನ್ನು ಗೈಡ್ ಹುಡುಗಿ ಹಿಂದಿಯಲ್ಲಿ ತಿಳಿಸಿದ್ದಳು.

ಸಮರಖಂದದಲ್ಲಿ ಬಾಡಿಗೆಗೆ ಹಿಡಿದ ಕೋಣೆಯಿಂದ ಗುಮ್ಮಟದ ತುದಿಯಷ್ಟೇ ಕಾಣುತ್ತದೆ. ಮಾಗಿಯಲ್ಲಿ ಅದರ ಮೇಲೆ ಹಿಮ ಕೂತಾಗ ಕೈ ತಾನಾಗಿ ಫೋನಿಗೆ ಹೋಯಿತು; ಯಾರಿಗೆ ಹೇಳಲಿ, ಹೇಗೆ ಹೇಳಲಿ? ಆಯಿಗೆ ಹಿಮ ಅಂದರೆ ಫ್ರಿಜ್ಜಿನದು. ಇಲ್ಲಿನ ಬೀದಿಗಳು ಎಷ್ಟು ಚೊಕ್ಕಟವೆಂದರೆ, ಕೋಠಿಯ ಬಸ್ಸಿನಲ್ಲಿ ಹಳೆ ಪುಸ್ತಕದ ಕಟ್ಟು, ಔಷಧದ ಚೀಲಗಳ ನಡುವೆ ಸಿಕ್ಕಿಕೊಂಡು ಕಂಡಕ್ಟರ್ ಹತ್ತಿರ ಬೈಸಿಕೊಳ್ಳಬೇಕು ಅನ್ನಿಸುತ್ತದೆ. ದಿಲ್‌ಸುಖ್‌ನಗರದಲ್ಲಿ ಇದ್ದಾಗ ಈ ಗುಮ್ಮಟಗಳಿಗಾಗಿ ಹೀಗೇ ಹಂಬಲಿಸುತ್ತಿದ್ದೆ. ನನ್ನ ಹಂಬಲಕ್ಕೆ ಊರೇ ಇಲ್ಲವೇನೋ. ಬೇಸರವಾದ ಸಂಜೆ ಮುದುಕಿಯ ಮನೆಗೆ ಹೋಗಿ ಕೂರುತ್ತೇನೆ. ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ. ಅವಳು ಚಹಾ ಬಗ್ಗಿಸುತ್ತಾಳೆ.

ಭಾನುವಾರಕ್ಕೊಮ್ಮೆ ವಿಡಿಯೋ ಕಾಲ್. ಆಯಿ ಕ್ಷೇಮ ಸಮಾಚಾರ ಕೇಳುವುದಿಲ್ಲ, ಸೀದಾ ರೊಟ್ಟಿಗೇ ಬರುತ್ತಾಳೆ.

"ಮಗಂದು. ಮಿಲ್ಟ್ರಿಗೆ ಹೋದಾಂವ."

"ಅಲ್ಲ."

ಮುಂದಿನ ವಾರ: "ಗಂಡಂದು. ಇನ್ನೊಬ್ಬಾಕೀನ ಕಟಗೊಂಡು ಅಲ್ಲೇ ಉಳದಾನ."

"ಅಲ್ಲ ಆಯಿ."

"ಸೊಸೀದು! ಅತ್ತಿ ಕಾಟಕ್ಕ ಓಡಿ ಹೋಗ್ಯಾಳ," ಎಂದು ಅವ್ವ ಹಿಂದಿನಿಂದ ಕೂಗಿದಳು. ಆಯಿ ಫೋನಿನಾಚೆ ಅವಳಿಗೆ ಏನೋ ಎಸೆದ ಸದ್ದಾಯಿತು.

ಹೀಗೆ ಎಂಟು ತಿಂಗಳು. ಆಯಿಯ ಮುಖ ಪರದೆಯಲ್ಲಿ ವಾರವಾರಕ್ಕೂ ಸಣ್ಣದಾಯಿತು, ಕಣ್ಣು ದೊಡ್ಡದಾಯಿತು. ಕಳೆದ ಭಾನುವಾರ ಮೊದಲು ಅವ್ವನೇ ಮಾತಾಡಿದಳು, ದನಿ ತಗ್ಗಿಸಿ. "ಎರಡು ದಿನಾ ಆತು, ಗುಳಗಿ ನುಂಗವಲ್ಲಳು. ಸಾಕಾಗೈತಿ ಅಂತಾಳ. ನೀನರ ಹೇಳು."

ಆಯಿ ದಿಂಬಿಗೆ ಒರಗಿದ್ದಳು. ಫೋನು ಹತ್ತಿರ ಎಳೆದುಕೊಂಡು ಶುರು ಮಾಡಿದಳು.

"ಶೈಲವ್ವ, ನಿಮ್ಮಪ್ಪ ಹುಟ್ಟೋಕಿಂತ ಮೊದಲ, ನಾನೊಮ್ಮೆ ಬುತ್ತಿ ಕಟಗೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಒಬ್ಬಾಕಿನ. ಎಲ್ಲಿಗೆ ಅಂತ ಕೇಳಬ್ಯಾಡ, ನನಗೂ ಗೊತ್ತಿರಲಿಲ್ಲ. ಮೂರು ಬಸ್ ಹೋದವು. ಹತ್ತಲಿಲ್ಲ. ತಿರುಗಿ ಬಂದು ಆ ಬುತ್ತಿ ಎಮ್ಮಿಗೆ ಹಾಕಿದೆ. ಯಾರಿಗೂ ಹೇಳಿಲ್ಲ."

ಉಸಿರು ತೆಗೆದುಕೊಂಡಳು.

"ಆ ರೊಟ್ಟಿ ಆಕೀದೇ. ಆಕಿ ಹೊಂಟಿದ್ದಳು. ಹೋಗಲಿಲ್ಲ. ಹೌದಲ್ಲ?"

ನನ್ನ ಕೋಣೆಯ ಹೀಟರು ಟಕ್ ಟಕ್ ಎನ್ನುತ್ತಿತ್ತು. ಹೌದು ಅಂದಿದ್ದರೆ ಆಯಿಯಷ್ಟು ಸುಖಪಡುವವರು ಯಾರೂ ಇರುತ್ತಿರಲಿಲ್ಲ. ಐವತ್ತು ವರ್ಷದ ಹಿಂದಿನ ಆ ಇಬ್ಬರು ಹೆಣ್ಣುಮಕ್ಕಳನ್ನು ಒಂದು ಮಾತಿನಿಂದ ಭೇಟಿ ಮಾಡಿಸಬಹುದಿತ್ತು. ಆಮೇಲೆ ಕಥೆ ಮುಗಿಯುತ್ತಿತ್ತು. ನಾನು ತಿರುಗಿ ಹೋಗಲು ಇನ್ನೂ ಹತ್ತು ತಿಂಗಳಿತ್ತು.

"ತಪ್ಪು, ಆಯಿ," ಎಂದೆ.

"ಖರೇನ?"

"ಖರೇನ."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ನಾನು ಮುಖ ತಿರುಗಿಸಲಿಲ್ಲ.

"ಹಂಗಾದ್ರ ಇನ್ನೊಂದಿಷ್ಟು ದಿನ ಯೋಚನಾ ಮಾಡಬೇಕಾತು," ಎಂದಳು ಕೊನೆಗೆ. ಆಮೇಲೆ ಬಾಗಿಲ ಕಡೆ ಹೊರಳಿ, "ಗಂಗಾ, ಆ ಗುಳಗಿ ಎಲ್ಲಿಟ್ಟೀ? ನೀರು ತಗೊಂಡು ಬಾ," ಎಂದು ಕೂಗಿದಳು.