ಸೊಟ್ಟ ಹೊಲಿಗೆ

ಅತ್ತೆಯನ್ನು ಒಂದು ವಾರದ ಮಟ್ಟಿಗೆ ಆರೈಕೆ ಕೇಂದ್ರದಲ್ಲಿ ಬಿಟ್ಟು ಬಂದ ಮೇಲೆಯೇ ನನ್ನ ನಾದಿನಿಗೆ ತಾಯಿಯ ನೆನಪಾದದ್ದು. ಮರೆವಿನ ಕಾಯಿಲೆ ತಾಯಿಗೆ, ಮರೆತು ಕೂತವಳು ಮಗಳು.

ಆ ವಾರ ನನಗೆ ನಿದ್ದೆಗಾಗಿ ಬೇಕಿತ್ತು, ಬೇರೆ ಯಾವ ಘನಕಾರ್ಯಕ್ಕೂ ಅಲ್ಲ. ನಿಂತಲ್ಲೇ ಕಣ್ಣಿಗೆ ಕತ್ತಲೆ ಕವಿದು ಒಲೆಯ ಮುಂದೆ ಬಿದ್ದಿದ್ದೆ. "ನೀವು ಮಲಗದಿದ್ದರೆ ನಿಮ್ಮನ್ನೇ ನೋಡಿಕೊಳ್ಳೋರು ಬೇಕಾಗ್ತಾರೆ" ಎಂದು ಡಾಕ್ಟರು ಗದರಿದರು. ನನ್ನ ಗಂಡ ಎಂದಿನಂತೆ "ನೋಡೋಣ" ಎಂದ. ನಾನು ನೋಡುತ್ತಾ ಕೂರಲಿಲ್ಲ.

ಅತ್ತೆ ಶರ್ಟ್ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಮಾಡುತ್ತಿದ್ದವರು. ಸೊಟ್ಟ ಹೊಲಿಗೆ ಕಂಡರೆ ಬಿಚ್ಚಿ, ಹೊಲಿದವಳ ಮುಖಕ್ಕೆ ಎಸೆಯುತ್ತಿದ್ದರಂತೆ. ಈಗ ಮಗನ ಗುರುತು ಸಿಗುವುದಿಲ್ಲ, ಸೊಟ್ಟ ಹೊಲಿಗೆಯ ಗುರುತು ಚೆನ್ನಾಗಿ ಸಿಗುತ್ತದೆ. ಅದಕ್ಕೇ ನಾನು ದಿನಾ ಹಳೇ ದಿಂಬಿನ ಕವರುಗಳನ್ನು ಬೇಕೆಂದೇ ವಕ್ರವಾಗಿ ಹೊಲಿದಿಡುತ್ತಿದ್ದೆ, ಅದೂ ಕೈಸೂಜಿಯಲ್ಲಿ. ಅವರ ಹೊಲಿಗೆ ಮಷಿನ್ನನ್ನು "ಅಮ್ಮನ ನೆನಪಿಗೆ" ಎಂದು ನಾದಿನಿ ಹೊತ್ತುಕೊಂಡು ಹೋಗಿದ್ದಳು. ಅಮ್ಮನನ್ನು ಬಿಟ್ಟು ಹೋಗಿದ್ದಳು.

ಅತ್ತೆ ಮೊಂಡು ಸೂಜಿ ಹಿಡಿದು ದಿನವಿಡೀ ಬಿಚ್ಚುತ್ತಿದ್ದರು. "ಯಾರೇ ನಿನ್ನ ಕೆಲಸಕ್ಕೆ ಇಟ್ಕೊಂಡಿದ್ದು? ಕಣ್ಣು ಎಲ್ಲಿಟ್ಟಿದ್ದೆ?" ಎಂದು ನನಗೆ ಬೈಯುತ್ತಿದ್ದರು. ಬೈದ ದಿನ ಹೊಟ್ಟೆ ತುಂಬಾ ಉಣ್ಣುತ್ತಿದ್ದರು.

ಕವರುಗಳ ಚೀಲವನ್ನೂ ಕೇಂದ್ರಕ್ಕೆ ಕೊಟ್ಟಿದ್ದೆ. ಮಾರನೇ ದಿನವೇ ಅಲ್ಲಿಂದ ಫೋನು ಬಂತು. ಓಡಿಹೋದರೆ, ನಾದಿನಿ ಹಜಾರದ ನಡುವೆ ನಿಂತು ಆಯಾಳ ಮೇಲೆ ಹರಿಹಾಯುತ್ತಿದ್ದಾಳೆ.

"ನಮ್ಮಮ್ಮನ ಕೈಲಿ ಕೂಲಿ ಮಾಡಿಸ್ತೀರಾ? ಅತ್ತಿಗೆ, ನಿಮಗೆ ನಾಚಿಕೆ ಆಗಲ್ವಾ?"

"ಕೂಲಿ ಅಲ್ಲ. ಹೊಲಿಗೆ ಬಿಚ್ತಾ ಇದ್ರೆ ಅವರಿಗೆ ಸಮಾಧಾನ. ಕವರನ್ನ ಮೊದಲು ಸೊಟ್ಟಗೆ..."

"ನಿಮ್ಮ ಚಿಂದಿ ನೀವೇ ಇಟ್ಕೊಳ್ಳಿ! ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ. ರಾಣಿ ಥರ ನೋಡ್ಕೋತೀನಿ."

ಚೀಲವನ್ನು ಕಾಲಿನಿಂದ ಒತ್ತರಿಸಿ, ಅತ್ತೆಯನ್ನು ಕರೆದುಕೊಂಡು ಹೊರಟಳು. ಕೈಹಿಡಿದು ತಡೆದು, ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಅನುಭವಿಸಲಿ ಎಂದುಕೊಂಡೆ; ಮನೆಗೆ ಬಂದು ಕೊರಡಿನಂತೆ ಮಲಗಿದೆ.

ಎರಡು ದಿನ ಕಳೆದು ಅವಳ ಫೋನು. ದನಿ ಬಿದ್ದುಹೋಗಿತ್ತು. "ಅತ್ತಿಗೆ, ಅಮ್ಮ ಕೂರಲ್ಲ, ಉಣ್ಣಲ್ಲ. ಕಿಟಕಿ ಪರದೆ ಎಲ್ಲಾ ಬಿಚ್ಚಿಹಾಕಿದ್ರು. ಅಂಗಡಿಯಿಂದ ಹೊಸ ಕವರ್ ತಂದುಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ್ರು. ಎಲ್ಲಾ ನೇರ ಇದೆ, ಇಲ್ಲಿ ನನಗೆ ಕೆಲಸ ಇಲ್ಲ ಅಂತ ಅತ್ತುಬಿಟ್ರು. ಬಾಗಿಲು ಬಡೀತಿದಾರೆ. ಬಂದು ಕರ್ಕೊಂಡು ಹೋಗಿ."

"ನನ್ನ ವಾರ ಇನ್ನೂ ಮುಗಿದಿಲ್ಲ."

"ಅತ್ತಿಗೆ!"

"ಅಮ್ಮನ ಮಷಿನ್ ಇದೆಯಲ್ಲ, ನೆನಪಿಗೆ ಅಂತ ಒಯ್ದಿದ್ದು? ಅದರ ಮುಂದೆ ಕೂತು ಸೊಟ್ಟಗೆ ಹೊಲಿ."

"ನನಗೆ ಸೊಟ್ಟಗೆ ಹೊಲಿಯೋಕೆ ಬರಲ್ಲ. ಅಮ್ಮ ಹೊಡೆದು ಹೊಡೆದು ನೇರ ಕಲಿಸಿದಾರೆ."

"ಕಲಿ. ನಾನೂ ಕಲಿತೆ."

ಫೋನು ಇಡಬೇಡಿ ಎಂದಳು. ಇಡಲಿಲ್ಲ. ಮಷಿನ್ ಕಿರ್ರೆಂದು ನಿಂತು, ಮತ್ತೆ ಓಡಿತು. ಬಾಗಿಲು ಬಡಿಯುವ ಸದ್ದು ನಿಂತಿತು. ಆಮೇಲೆ ಅತ್ತೆಯ ದನಿ, ಸ್ಪಷ್ಟವಾಗಿ, ಗಟ್ಟಿಯಾಗಿ: "ಯಾರೇ ನಿನ್ನ ಕೆಲಸಕ್ಕೆ ಇಟ್ಕೊಂಡಿದ್ದು? ಕಣ್ಣು ಎಲ್ಲಿಟ್ಟಿದ್ದೆ?"

ನಾದಿನಿ ಬಿಕ್ಕುತ್ತಿದ್ದಳು. "ತಪ್ಪಾಯ್ತಮ್ಮ, ಬಿಚ್ಚಿಕೊಡಿ" ಎಂದಳು.

ನಾನು ಗೆದ್ದಿದ್ದೆ, ಖುಷಿಪಡಬೇಕಿತ್ತು. ಆದರೆ ಹೊಟ್ಟೆ ಉರಿಯಿತು. ಅತ್ತೆಯಿಂದ ನನಗೆ ಸಿಕ್ಕಿದ್ದು ಆ ಬೈಗುಳ ಒಂದೇ. ಅದನ್ನೂ ಅವಳೇ ಹೊಡೆದುಕೊಂಡಳು. ಫೋನು ಇಟ್ಟು ಮಲಗಿದೆ. ನಿದ್ದೆ ಬರಲಿಲ್ಲ. ಎದ್ದು ಒಂದು ದಿಂಬಿನ ಕವರು ತೆಗೆದುಕೊಂಡು, ಆದಷ್ಟು ಸೊಟ್ಟಗೆ ಹೊಲಿಯತೊಡಗಿದೆ.